ಮುಂಜಾವಿನ ಪಾಳಿ

ಈ ವರ್ಷ ಶಿವರಾತ್ರಿಗೆ ಇನ್ನೂ ನಾಲ್ಕಾರು ದಿನ ಇರುವಾಗ, ಒಂದು ಮುಂಜಾನೆ ಅಂಗಳದ ನಳ ತಿರುವಿದೆ. ಬ್ಲೀಚಿಂಗ್ ಪೌಡರಿನ ವಾಸನೆ ಒಮ್ಮೆಲೇ ಮೂಗಿಗೆ ಬಡಿಯಿತು. ಫಿಲ್ಟರ್ ಮನೆಯ ಹೊಸ ಹುಡುಗ ಕೈ ಸ್ವಲ್ಪ ಜೋರು ಮಾಡಿರಬೇಕು. ಮೊಮ್ಮಗಳು ಮುಖ ಸಿಂಡರಿಸಿ, "ಯಜ್ಜಾ, ನೀರು ದವಾಖಾನಿ ನಾರಿದಂಗ ನಾರಾಕತ್ತೈತಿ" ಎಂದು ಚೊಂಬನ್ನು ಅಲ್ಲೇ ಇಟ್ಟು ಒಳಗೆ ಹೋದಳು. ನಾನು ಆ ಚೊಂಬನ್ನು ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಈ ವಾಸನೆಯ ಒಂದು ಕೋಣೆ ನನ್ನ ತಲೆಯಲ್ಲಿದೆ. ಗೋಡೆಗೆ ಒಟ್ಟಿದ ಪೌಡರಿನ ಚೀಲಗಳು, ನೆಲಕ್ಕೆ ಹಾಸಿದ ಜಮಖಾನೆ, ಬಾಜೂ ಕೋಣೆಯಲ್ಲಿ ಗುಂಯ್‌ಗುಡುವ ಮೋಟಾರು... ಜಮಖಾನೆಯ ತುದಿಗೆ, ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು ಕುಳಿತ ಕೆಳಗಿನೂರಿನ ಅಕ್ಕಾರು.

ಅವರ ಹೆಸರನ್ನು ಬರೆಯುವುದಿಲ್ಲ. ಇದ್ದಾಗ ಒಮ್ಮೆಯೂ ಹೆಸರು ಹಿಡಿದು ಕರೆದವನಲ್ಲ, ಈಗ ಬರೆದರೆ ಸಲಿಗೆ ತೆಗೆದುಕೊಂಡ ಹಾಗೆ ಅನ್ನಿಸುತ್ತದೆ. ನನಗೆ ಅವರು ಅಕ್ಕಾರು, ಅವರಿಗೆ ನಾನು ಅಣ್ಣಾರು. ವಯಸ್ಸಿನಲ್ಲಿ ಯಾರು ದೊಡ್ಡವರೆಂದು ನಾವು ಕೇಳಿಕೊಳ್ಳಲೇ ಇಲ್ಲ. ಅವರು ಅವರೂರಿನ ಪಂಚಾಯಿತಿಗೆ ಅಧ್ಯಕ್ಷರು, ನಾನು ನಮ್ಮೂರಿನದಕ್ಕೆ. ಅವರ ಬಗ್ಗೆ ಹೇಳಲು ಒಳ್ಳೆಯ ಮಾತುಗಳೇ ಬಹಳ ಇವೆ. ಆದರೆ ನಾನು ಅವರಿಗೆ ಮಾಡಿದ್ದನ್ನು ಬಚ್ಚಿಟ್ಟು ಅವರನ್ನು ಹೊಗಳಲು ನನಗೆ ಮುಖವಿಲ್ಲ. ಅದಕ್ಕೇ ಎರಡನ್ನೂ ಬರೆಯುತ್ತಿದ್ದೇನೆ.

ನಮ್ಮೂರು ಗೋಕಾಕದ ಕಡೆ, ಘಟಪ್ರಭಾ ನದಿಯ ದಂಡೆಯ ಮೇಲಿದೆ. ಅವರೂರು ಕಾಲುವೆ ದಾಟಿ ಮೂಡಲಗಿಯ ದಾರಿಗೆ. ನಡುವೆ ಇನ್ನೂ ಮೂರು ಊರುಗಳು. ಈ ಐದೂ ಊರು ಕೂಡಿಸಿ ಸರಕಾರ ಒಂದು ಕುಡಿಯುವ ನೀರಿನ ಯೋಜನೆ ಮಾಡಿತು. ಹೊಳೆಯ ದಂಡೆಗೆ ನೀರೆತ್ತುವ ಜಾಕ್‌ವೆಲ್, ನಮ್ಮೂರಿನ ದನ ಮೇಯುವ ಗಾಯರಾಣದಲ್ಲಿ ಫಿಲ್ಟರ್ ಮನೆ, ಅಲ್ಲಿಂದ ಅಕ್ಕಾರ ಊರಿನವರೆಗೆ ಒಂದೇ ಪೈಪು. ಯಾರ ಪಾಳಿಯೋ ಆ ಹೊತ್ತಿನಲ್ಲಿ ಮೋಟಾರು ಓಡಿ ಅವರ ಊರಿನ ಟಾಕಿ ತುಂಬಬೇಕು. ಕಟ್ಟಿ ಮುಗಿಸಿದ ಮೇಲೆ ಸಾಹೇಬರು ಬಂದು ಬೀಗದ ಕೈಯನ್ನು ಐದೂ ಪಂಚಾಯಿತಿಗಳ ಕೈಗೆ ಕೊಟ್ಟು ಹೋದರು. ನೀರು ನಿಮ್ಮದು, ಕರೆಂಟಿನ ಬಿಲ್ಲೂ ನಿಮ್ಮದು, ಮೋಟಾರು ನೋಡಿಕೊಳ್ಳುವವನ ಪಗಾರವೂ ನಿಮ್ಮದು ಎಂದರು. ಐವರು ಅಧ್ಯಕ್ಷರನ್ನು ಸೇರಿಸಿ ಒಂದು ಸಮಿತಿ ಆಯಿತು.

ಮೊದಲ ವರ್ಷ ಯಾರೂ ಬಿಲ್ಲು ಕಟ್ಟಲಿಲ್ಲ. ಇನ್ನೊಬ್ಬರು ಕಟ್ಟುತ್ತಾರೆಂದು ಐದೂ ಊರಿನವರು ತಿಳಿದುಕೊಂಡಿದ್ದೆವು. ಲೈನ್‌ಮನ್ ಬಂದು ಫ್ಯೂಜು ಕಿತ್ತುಕೊಂಡು ಹೋದ ಮೇಲೆ ಫಿಲ್ಟರ್ ಮನೆಯಲ್ಲಿ ಕೂಡಿದೆವು. ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಸರಕಾರದ ಸುತ್ತೋಲೆಯನ್ನು ಎಲ್ಲಿಯೂ ತಡೆಯದೆ ಓದಬಲ್ಲೆನೆಂಬ ಗತ್ತು ಇತ್ತು. ಹೊಳೆ ನಮ್ಮೂರಿನದು, ಜಾಗ ನಮ್ಮೂರಿನದು, ಬಿಲ್ಲು ಉಳಿದವರು ಕಟ್ಟಲಿ ಎಂದೆ. ಕೊಟ್ಟ ಜಾಗಕ್ಕೆ ಬಾಡಿಗೆಯನ್ನೂ ಕೇಳಬಹುದು ಎಂದು ಸೇರಿಸಿದೆ. ನಡುವಿನ ಊರುಗಳವರು ಎದ್ದು ನಿಂತರು. ಒಬ್ಬರು ಮಾತಾಡಿದ್ದು ಇನ್ನೊಬ್ಬರಿಗೆ ಕೇಳದಷ್ಟು ಗದ್ದಲವಾಯಿತು.

ಅಕ್ಕಾರು ಆಗಷ್ಟೇ ಮಹಿಳಾ ಮೀಸಲಿನಲ್ಲಿ ಆರಿಸಿ ಬಂದಿದ್ದರು. ಅವರ ಯಜಮಾನರು ಸೈಕಲ್ ಮೋಟಾರಿನ ಮೇಲೆ ಕರೆದುಕೊಂಡು ಬಂದು ಹೊರಗೆ ಬೇವಿನ ಗಿಡದ ಕೆಳಗೆ ಪೇಪರು ಓದುತ್ತ ಕುಳಿತಿದ್ದರು. ಮಾತಾಡಬೇಕಾದವರು ಅವರೇ ಎಂದುಕೊಂಡು ನಾನು ಹೊರಗೆ ಹೋಗಿ, "ಒಳಗ ಬರ್ರಿ, ನಿಮ್ಮೂರ ಮಾತು ಏನಂತ ಹೇಳ್ರಿ" ಎಂದೆ. ಅವರು ಪೇಪರಿನಿಂದ ಮುಖ ಎತ್ತದೆ, "ನಂದು ಮನ್ಯಾಗ ನಡಿಯೂದಿಲ್ರಿ, ಇಲ್ಲಿ ಹೆಂಗ ನಡೀತೈತಿ? ಒಳಗ ಕುಂತಾರಲ್ಲ, ಅವರನ್ನ ಕೇಳ್ರಿ" ಎಂದರು.

ಒಳಗೆ ಬಂದು ಕೇಳಿದೆ. ಅಕ್ಕಾರು ಗದ್ದಲ ಅಡಗುವವರೆಗೆ ಕಾದರು. ಆಮೇಲೆ ನನ್ನ ಕಡೆ ತಿರುಗಿ, "ಅಣ್ಣಾರ, ನಿಮ್ಮ ಮನ್ಯಾಗ ಹಿಸೆ ಆಗೇತೇನ್ರಿ?" ಎಂದರು.

"ಆಗೇತ್ರಿ. ಮೂರು ಮಂದಿ ಅಣ್ಣತಮ್ಮರು ನಾವು."

"ಪಾಲು ಯಾರು ಮಾಡಿದ್ರು?"

"ನಾನ ಮಾಡೇನಿ. ಹಿರೇಮಗ ನಾನ ಅಲ್ರಿ."

"ಮತ್ತ ಮೊದಲ ಆರ್ಸಿದಾವ?"

"ಸಣ್ಣಾವ."

"ಇದನ್ನೂ ಹಂಗ ಮಾಡೂಣು. ಹೊಳಿ ದಂಡಿ ನಿಮ್ಮದು, ಹಿರೇಮಗ ನೀವ ಆಗ್ರಿ. ಪಾಳಿ ನೀವ ಹಾಕ್ರಿ. ಆರ್ಸೂದು ಮಾತ್ರ ನಮ್ಮೂರಿಂದ ಸುರು ಆಗ್ಲಿ. ಎಲ್ಲಾರೂ ಆರ್ಸಿ ಉಳದಿದ್ದು ನಿಮ್ಮದು."

ನಮ್ಮ ಕಡೆ ಒಕ್ಕಲುತನದ ಮನೆಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ನಡೆಯುವ ಪದ್ಧತಿ ಇದು. ಹಿರಿಯನು ಹೊಲ ಮನೆಗಳನ್ನು ಪಾಲು ಮಾಡುತ್ತಾನೆ, ಕಿರಿಯನು ಮೊದಲು ಆರಿಸುತ್ತಾನೆ, ಹಿರಿಯನಿಗೆ ಕೊನೆಗೆ ಉಳಿದದ್ದು. ಯಾವ ಪಾಲು ತನಗೆ ಬರುತ್ತದೆಂದು ಗೊತ್ತಿಲ್ಲದ್ದರಿಂದ ಅವನು ಎಲ್ಲವನ್ನೂ ಸಮ ಮಾಡಲೇಬೇಕು. ಪ್ರತಿ ಮನೆಯಲ್ಲಿ ಇದ್ದ ಪದ್ಧತಿ. ಆದರೆ ಊರುಗಳ ನಡುವೆಯೂ ಇದು ನಡೆದೀತೆಂದು ಸುತ್ತೋಲೆ ಓದುವ ನನಗೆ ಹೊಳೆದಿರಲಿಲ್ಲ.

ನಡುವಿನ ಊರಿನ ದಪ್ಪ ಅಧ್ಯಕ್ಷರೊಬ್ಬರು, "ಅಂದ್ರ ನಾವು ನಡಕಿನ ಮಕ್ಕಳಾದ್ವಿ. ನಡಕಿನಾಂವನ್ನ ಯಾವ ಮನ್ಯಾಗೂ ಯಾರೂ ಕೇಳೂದಿಲ್ಲ ಬಿಡ್ರಿ" ಎಂದರು. ಎಲ್ಲರೂ ನಕ್ಕರು. ನಗು ಬಂದ ಮೇಲೆ ಉಳಿದದ್ದು ಹಗುರಾಯಿತು. ಎಷ್ಟು ಹೊತ್ತಿನ ಪಾಳಿ ಆರಿಸುತ್ತಾರೋ ಅಷ್ಟು ಹೊತ್ತಿನ ಬಿಲ್ಲು ಆ ಊರಿನದು, ಪಗಾರ ಮತ್ತು ದುರಸ್ತಿ ಐದೂ ಊರಿಗೆ ಸಮ ಎಂದು ಮಾತಾಯಿತು. ಪ್ರತಿವರ್ಷ ಶಿವರಾತ್ರಿ ಮುಗಿದ ಮೇಲೆ ಕೂಡಿ ಪಾಳಿ ಆರಿಸುವುದು, ಆರಿಸಿದ್ದನ್ನು ಮಳೆ ಹತ್ತುವವರೆಗೆ ಬದಲಿಸುವಂತಿಲ್ಲ. ಈ ಕೊನೆಯ ಷರತ್ತನ್ನು ಹಾಕಿಸಿದವನು ನಾನು.

ಅಕ್ಕಾರ ತವರು ಹುಕ್ಕೇರಿಯ ಕಡೆ. ಇಂಥ ಧೈರ್ಯ ಎಲ್ಲಿಂದ ಬಂತೆಂದು ಒಮ್ಮೆ ಕೇಳಿದ್ದಕ್ಕೆ, "ನಮ್ಮ ತವರ ಕಡೆ ಕರೆಂಟೂ ಸೊಸೈಟಿದ ಐತ್ರಿ ಅಣ್ಣಾರ. ಕಂಬದ ಮ್ಯಾಲಿಂದನ್ನ ಹಂಚಿಕೊಂಡ ಮಂದಿ ನಾವು, ನೆಲದಾಗಿನ ಪೈಪು ಯಾವ ದೊಡ್ಡದು?" ಎಂದು ನಕ್ಕಿದ್ದರು.

ಪದ್ಧತಿ ಹಾಕಿಕೊಟ್ಟು ಸುಮ್ಮನೆ ಕೂಡುವ ಹೆಂಗಸಲ್ಲ ಅವರು. ನಡುವಿನ ಊರಿನಲ್ಲಿ ಪೈಪು ಒಡೆದರೆ ಆ ಊರಿನವರಿಗಿಂತ ಮೊದಲು ಇವರ ಊರಿನ ಆಳುಗಳು ಗುದ್ದಲಿ ಹಿಡಿದು ಬಂದಿರುತ್ತಿದ್ದರು. ನಿಮಗೇಕೆ ತೊಂದರೆ ಎಂದರೆ, "ಎಲ್ಲಿ ಒಡದರೂ ಕೊನೀಗೆ ಖಾಲಿ ಆಗೂದು ನಮ್ಮ ಕೊಡಾನ ಅಲ್ರಿ?" ಎನ್ನುವರು. ಮೋಟಾರಿನವನ ಪಗಾರ ಯಾವುದಾದರೂ ಊರಿನಿಂದ ಬರಬೇಕಾಗಿದ್ದರೆ ಸಭೆ ಸುರುವಾಗಲು ಬಿಡುತ್ತಿರಲಿಲ್ಲ. ಬಂದ ಚಹಾವನ್ನು ಕೂಡ ಮುಟ್ಟುತ್ತಿರಲಿಲ್ಲ. "ಮೊದಲ ಅಂವನ ಪಗಾರ, ಆಮ್ಯಾಲ ನಮ್ಮ ಚಾ" ಎಂದು ಬಟ್ಟಲನ್ನು ಮುಂದೆ ಸರಿಸಿಡುವರು. ಆ ಬಟ್ಟಲು ಆರುತ್ತ ಕುಳಿತಿರುವುದನ್ನು ನೋಡಲಾರದೆ ಬಾಕಿ ಇಟ್ಟವರು ಎದ್ದು ಹೋಗಿ ತರುತ್ತಿದ್ದರು. ಜೋರು ಮಾಡಿದ್ದನ್ನು ನಾನು ಎಂದೂ ಕೇಳಲಿಲ್ಲ. ಸುತ್ತಿನ ಪಂಚಾಯಿತಿಗಳವರು ಬಂದು, ನಿಮ್ಮಲ್ಲಿ ಜಗಳವಿಲ್ಲದೆ ಹೇಗೆ ನಡೆಯುತ್ತಿದೆ ಎಂದು ನೋಡಿ ಹೋಗುವಂತಾಯಿತು.

ಪಾಳಿ ಹಾಕುವ ಕೆಲಸ ನನ್ನದು. ಗಡಿಯಾರ ಮುಂದಿಟ್ಟುಕೊಂಡು ಹಗಲನ್ನು ಐದು ತುಂಡು ಮಾಡುವಾಗ, ಇದು ನನಗೇ ಬಂದರೆ ಎಂದು ಪ್ರತಿಯೊಂದನ್ನೂ ತಿರುಗಿಸಿ ನೋಡುತ್ತಿದ್ದೆ. ಖರೆ ಹೇಳುತ್ತೇನೆ, ನನ್ನ ಜೀವನದಲ್ಲಿ ನಾನು ನ್ಯಾಯವಾಗಿ ಯೋಚಿಸಿದ ದಿನಗಳೆಂದರೆ ಅವೇ. ಆ ನ್ಯಾಯ ನನ್ನದಾಗಿರಲಿಲ್ಲ, ಅಕ್ಕಾರು ನನ್ನಿಂದ ಮಾಡಿಸುತ್ತಿದ್ದದ್ದು...

ಹೀಗೆ ಕೆಲವು ವರ್ಷ ನಡೆಯಿತು. ಅಷ್ಟರಲ್ಲಿ ನಮ್ಮೂರಿನ ಜನಕ್ಕೆ ಬೇಸರ ಸುರುವಾಗಿತ್ತು. ಹೊಲಕ್ಕೆ ಹೋಗುವ ಮೊದಲೇ ನೀರು ತುಂಬಿಕೊಳ್ಳಬಹುದೆಂದು ಎಲ್ಲರ ಕಣ್ಣೂ ಮುಂಜಾವಿನ ಪಾಳಿಯ ಮೇಲೆ. ಅದು ಪ್ರತಿವರ್ಷ ಕೆಳಗಿನೂರಿಗೆ ಹೋಗುತ್ತಿತ್ತು. ನಮಗೆ ಉಳಿಯುತ್ತಿದ್ದದ್ದು ನಡುಮಧ್ಯಾಹ್ನದ್ದು. ಚಹಾದ ಅಂಗಡಿಯ ಮುಂದೆ ಹಾದರೆ ಸಾಕು, "ಬಂದ್ರಪಾ ಹಿರೇಮಗ! ಹೊಳಿ ದಂಡಿಗೆ ಕುಂತು ಮಂದಿಗೆ ನೀರು ಬಡಸಾಂವ" ಎಂದು ಯಾರಾದರೂ ಕಿಚಾಯಿಸುವರು. ಮನೆಯಲ್ಲಿ ಹೆಂಡತಿ ಸುಡುವ ಬಿಸಿಲಿನಲ್ಲಿ ಕೊಡ ಇಳಿಸುತ್ತ, "ತಂಪೊತ್ತು ಮಂದಿಗೆ, ಉರಿಬಿಸಲು ನಮಗ. ಚಲೋ ಅಧ್ಯಕ್ಷಗಿರಿ ಮಾಡಾಕತ್ತೀರಿ" ಎನ್ನುವಳು. ಚುನಾವಣೆಗೂ ಇನ್ನು ಒಂದೆರಡು ವರ್ಷವಷ್ಟೇ ಉಳಿದಿತ್ತು.

ಅಂಥ ಹೊತ್ತಿನಲ್ಲಿ ಗೋಕಾಕಕ್ಕೆ ಹೋಗಿದ್ದೆ. ನನ್ನ ಹೈಸ್ಕೂಲಿನ ಗೆಳೆಯನೊಬ್ಬ ಕರೆಂಟಿನ ಕೆಲಸದವರ ನಡುವೆ ಓಡಾಡುವವನು. ಚಹಾ ಕುಡಿಯುತ್ತ ಮಾತಿಗೆ ಮಾತು ಬಂದು ಒಂದು ಸುದ್ದಿ ಹೇಳಿದ. ಯುಗಾದಿಯ ನಂತರ ಮಳೆ ಹತ್ತುವ ತನಕ ನಮ್ಮ ಕಡೆ ನಸುಕಿನಿಂದ ಬಿಸಿಲು ಏರುವವರೆಗೆ ಮೂರು ಫೇಸ್ ಕರೆಂಟು ಇರುವುದಿಲ್ಲವಂತೆ. ಕುಡಿಯುವ ನೀರಿಗೆಂದು ಬೇರೆ ಲೈನು ಆಗ ಇರಲಿಲ್ಲ. ಮೂರು ಫೇಸ್ ಇಲ್ಲದೆ ನಮ್ಮ ಮೋಟಾರು ಅಲುಗಾಡುತ್ತಿರಲಿಲ್ಲ. "ಇನ್ನಾ ಹೊರಗ ಬಿದ್ದಿಲ್ಲ, ಯಾರ ಮುಂದೂ ಅನಬ್ಯಾಡಲೇ" ಎಂದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಬರುವಾಗ ನನ್ನ ಮನಸ್ಸು ಕೆಟ್ಟಿತು. ಮುಂಜಾವಿನ ಪಾಳಿ ಈ ವರ್ಷ ಬರೀ ಹೆಸರಿಗೆ ಎಂದು ನನಗೊಬ್ಬನಿಗೇ ಗೊತ್ತು. ಹಿರೇಮಗನು ಕಿರಿಯನ ಕೈಗೆ ಸವಳು ಹಿಡಿದು ಬೆಳೆ ಬಾರದ ಹೊಲವನ್ನು ಹಸಿರು ತೋರಿಸಿ ಕೊಡಬಹುದೆಂದು ನನಗೆ ತಿಳಿಯಿತು.

ಶಿವರಾತ್ರಿಯ ನಂತರ ಸಭೆ ಕೂಡಿತು. ನಾನು ಪಾಳಿ ಓದಿದೆ. ಮುಂಜಾವಿನದನ್ನು ಉಳಿದವಕ್ಕಿಂತ ಉದ್ದ ಮಾಡಿದ್ದೆ. "ಹೊಲಕ್ಕ ಹೋಗೂ ಹೆಣ್ಮಕ್ಕಳಿಗೆ ಅನುಕೂಲ ಆಗ್ಲಿ ಅಂತ ಒಂದೀಟ ಹೆಚ್ಚ ಇಟ್ಟೇನ್ರಿ" ಎಂದೆ. ಅಕ್ಕಾರ ಮುಖ ಅರಳಿತು. ಅದನ್ನೇ ಆರಿಸಿದರು. ಅಂದು ಚಹಾ ಬಂದಾಗ ಮೊದಲ ಬಟ್ಟಲನ್ನು ತಾವೇ ತೆಗೆದು ನನ್ನ ಕೈಗೆ ಕೊಟ್ಟು, "ಹಿರೇಮಗ ಅಂದ್ರ ಹಿಂಗಿರಬೇಕ್ರಿ ಅಣ್ಣಾರ" ಎಂದರು.

ಆ ಚಹಾವನ್ನು ನಾನು ಕುಡಿದೆ...

ಸುಳ್ಳು ಹೇಳಿಲ್ಲ ಎಂದು ಮನೆಗೆ ಬರುತ್ತ ನನಗೆ ನಾನೇ ಹೇಳಿಕೊಂಡೆ. ಪಾಳಿ ಹಾಕಿದವನು ನಾನು, ಆರಿಸಿದವರು ಅವರು, ಪದ್ಧತಿ ತಪ್ಪಿಲ್ಲ. ಯುಗಾದಿ ಆಯಿತು. ಗೆಳೆಯ ಹೇಳಿದಂತೆಯೇ ಆಯಿತು. ನಸುಕಿನಲ್ಲಿ ಮೋಟಾರಿನವ ಗುಂಡಿ ಒತ್ತಿ ಒತ್ತಿ ಸಾಕಾಗಿ ಬೀಡಿ ಸೇದುತ್ತ ಕೂಡುವನು, ಕರೆಂಟು ಬರುವ ಹೊತ್ತಿಗೆ ಕೆಳಗಿನೂರಿನ ಪಾಳಿ ಮುಗಿದಿರುತ್ತಿತ್ತು. ಮುಂಜಾವಿನದನ್ನು ಉದ್ದ ಮಾಡಲು ಸಂಜೆಯ ಪಾಳಿಯನ್ನು ಮೊಟಕು ಮಾಡಿದ್ದರಿಂದ ನಡುವಿನವರು ಅದನ್ನು ಆರಿಸಿರಲಿಲ್ಲ, ಆ ವರ್ಷ ಸಂಜೆಯ ತಂಪೊತ್ತು ನಮಗೆ ಉಳಿದಿತ್ತು. ಚಹಾದ ಅಂಗಡಿಯವರು ಈಗ ನನ್ನನ್ನು ಕರೆದು ಕೂರಿಸುತ್ತಿದ್ದರು.

ಕೆಳಗಿನೂರಿನಲ್ಲಿ ಬೋರುಗಳ ನೀರು ಬರೀ ಉಪ್ಪು, ಬಾಯಿಗೆ ಇಡಲಾಗದು. ಕಾಲುವೆಗೂ ಆಗ ನೀರು ಬಿಟ್ಟಿರಲಿಲ್ಲ. ದೂರದ ಹೊಲವೊಂದರ ಬಾವಿಯಿಂದ ಕುಡಿಯುವ ನೀರು ತರಬೇಕಾಯಿತು. ಮೊದಲು ಆರಿಸುವ ಅವಕಾಶ ಇದ್ದೂ ಒಣ ಪಾಳಿ ಆರಿಸಿ ಬಂದಳು ನಮ್ಮ ಅಧ್ಯಕ್ಷಿ ಎಂದು ಊರಿನವರು ಅವರನ್ನು ಆಡಿಕೊಂಡರು. ಒಂದು ದಿನ ಹೆಂಗಸರು ಖಾಲಿ ಕೊಡಗಳನ್ನು ತಂದು ಅಕ್ಕಾರ ಬಾಗಿಲ ಮುಂದೆ ಸಾಲಾಗಿ ಇಟ್ಟು ಹೋದರಂತೆ. ಅಕ್ಕಾರು ಒಳಗಿನಿಂದ ತಮ್ಮ ಮನೆಯ ಕೊಡವನ್ನೂ ತಂದು ಆ ಸಾಲಿನ ಕೊನೆಗೆ ಇಟ್ಟರಂತೆ. ಆಮೇಲೆ ಬಂಡಿ ಹೂಡಿಸಿ, ಎಲ್ಲ ಕೊಡಗಳನ್ನೂ ಏರಿಸಿ, ತಾವೇ ಬಾವಿಗೆ ಹೋದರಂತೆ. ಇದನ್ನು ನಮ್ಮೂರಿನವರು ನಗುತ್ತ ಹೇಳಿದರು. ನಾನು ನಗಲಿಲ್ಲ, ನಗಬೇಡಿ ಎಂದೂ ಹೇಳಲಿಲ್ಲ.

ಒಮ್ಮೆ ಮೂಡಲಗಿಯ ಸಂತೆಗೆ ಹೊರಟಾಗ ದಾರಿಯಲ್ಲಿ ಆ ಬಂಡಿ ಎದುರಾಯಿತು. ಕೊಡಗಳ ನಡುವೆ ಅಕ್ಕಾರು ಸೆರಗನ್ನು ಸೊಂಟಕ್ಕೆ ಕಟ್ಟಿ ನಿಂತಿದ್ದರು. ನನ್ನನ್ನು ನೋಡಿ, "ಏನ್ರಿ ಅಣ್ಣಾರ, ಸಂತಿಗೆ ಹೊಂಟ್ರೇನು? ಬರೂ ಮುಂದ ಮನಿಗೆ ಬಂದು ಹೋಗ್ರಿ. ಚಾಕ್ಕ ಆಗೂವಷ್ಟು ನೀರೈತಿ" ಎಂದು ಕೂಗಿದರು. ಬಂಡಿಯ ಹೆಂಗಸರೆಲ್ಲ ನಕ್ಕರು. ನಾನು ಬರುವಾಗ ಬೇರೆ ದಾರಿ ಹಿಡಿದು ಬಂದೆ.

ಬೇಸಗೆಯ ನಡುವೆ ಸಭೆ ಕೂಡಿತು. ದಪ್ಪ ಅಧ್ಯಕ್ಷರೇ ಮೊದಲು ಮಾತೆತ್ತಿದರು. "ಅಕ್ಕಾರ, ಇದು ಯಾರ ತಪ್ಪೂ ಅಲ್ಲ. ಕರೆಂಟ್ ಕೈ ಕೊಟ್ಟೈತಿ. ಪಾಳಿ ಮತ್ತ ಹೊಸದಾಗಿ ಹಾಕೂಣು, ನೀವೊಂದು ಮಾತು ಹೇಳ್ರಿ ಸಾಕು."

ಅವರು ಒಂದು ಮಾತು 'ಹೂಂ' ಎಂದಿದ್ದರೆ ಮುಗಿಯುತ್ತಿತ್ತು. ಅವರ ಊರು ಅವರನ್ನು ಕೆಳಗಿಳಿಸಲು ತಯಾರಾಗಿತ್ತು. ಅಷ್ಟಾದರೂ, "ಬ್ಯಾಡ್ರಿ" ಎಂದರು. "ಆರ್ಸಿದಾಕಿ ನಾನು. ನಮಗ ಬ್ಯಾನಿ ಆತಂತ ಈ ವರ್ಷ ಮುರದ್ರ, ಮುಂದಿನ ವರ್ಷ ಇನ್ನೊಬ್ರಿಗೆ ಬ್ಯಾನಿ ಆಕ್ಕೈತಿ. ಆಮ್ಯಾಲ ಮೊದಲಿನಂಗ ಫ್ಯೂಜ ಕೀಳಿಸಿಕೊಂಡು ಕುಂದರೂದ ಆಕ್ಕೈತಿ. ನಿಮ್ಮ ಪಾಳ್ಯಾಗ ಯಾರಿಗರೆ ಮಿಕ್ಕಿದ್ರ ಕೊಡ್ರಿ, ಕೈ ಮುಗದು ತಗೋತೀವಿ. ಪದ್ಧತಿ ಮುರಿಯೂದು ಬ್ಯಾಡ." ಉದ್ದ ಮಾಡಿಟ್ಟ ಆ ಒಣ ಪಾಳಿಯ ಪಾಲಿನ ಬಿಲ್ಲನ್ನೂ ಅವರ ಪಂಚಾಯಿತಿ ಕಟ್ಟಿತು. ಆರಿಸಿದ ಪಾಳಿಗೆ ದುಡ್ಡು ಎಂದು ಮಾತಾಗಿತ್ತಲ್ಲ.

ಆಗ ನಾನು ಎದ್ದು ನಿಂತು ಇನ್ನೊಂದು ಕೆಲಸ ಮಾಡಿದೆ. ನಮ್ಮೂರಿನ ಸಂಜೆಯ ಪಾಳಿಯಲ್ಲಿ ಒಂದು ತುಂಡನ್ನು ಕೆಳಗಿನೂರಿಗೆ ಬಿಟ್ಟುಕೊಡುತ್ತೇನೆ ಎಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ಅಕ್ಕಾರು ಕೈಮುಗಿದರು. ಮೋಸ ಮಾಡಿದ್ದು ಒಂದು ತಪ್ಪು. ಆ ಕೈಮುಗಿದದ್ದನ್ನು ಒಪ್ಪಿಕೊಂಡದ್ದು ಅದಕ್ಕಿಂತ ದೊಡ್ಡದೆಂದು ಈಗ ಅನ್ನಿಸುತ್ತದೆ.

ಮಳೆ ಬಂತು, ಆ ವರ್ಷ ಕಳೆಯಿತು. ಅವರ ಊರಿನವರು ಅವಿಶ್ವಾಸ ತರಬೇಕೆಂದು ಓಡಾಡಿ, ಪಂಚಾಯಿತಿಯ ಹೆಣ್ಣು ಸದಸ್ಯರು ಕೈ ಎತ್ತದೆ ಹೋದದ್ದರಿಂದ ಸುಮ್ಮನಾದರು. ಬಂಡಿಯಲ್ಲಿ ಜೊತೆಗೆ ಹೋದ ಹೆಂಗಸರು ಅವರು. ಮರುವರ್ಷ ಶಿವರಾತ್ರಿಯ ನಂತರ ಸಭೆ ಕೂಡಿದಾಗ ಅಕ್ಕಾರು, ಈ ಸಲ ಪಾಳಿ ನಾನು ಹಾಕುತ್ತೇನೆ ಎಂದರು. ಇನ್ನು ಮುಂದೆ ಪಾಳಿ ಹಾಕುವ ಕೆಲಸ ವರ್ಷಕ್ಕೊಂದು ಊರಿಗೆ ಹೋಗಲಿ, ಹಾಕಿದವರಿಗೆ ಕೊನೆಯದು, ಅವರಿಂದ ದೂರ ಇರುವ ಊರಿಗೆ ಮೊದಲನೆಯದು ಎಂದರು. ಯಾರೂ ಬೇಡವೆನ್ನಲಿಲ್ಲ. ಹಾಗಾದರೆ ಆ ವರ್ಷ ಮೊದಲು ಆರಿಸಬೇಕಾದವರು ನಾವು.

ಆದರೆ ಪಾಳಿ ಓದುವ ಮೊದಲು ಅವರು ಎದ್ದು ನಿಂತರು.

"ಆರ್ಸೂಕಿಂತ ಮೊದಲ ನನಗ ಗೊತ್ತಿದ್ದಿದ್ದು ಹೇಳತೇನಿ. ಗೋಕಾಕಕ್ಕ ಹೋಗಿ ಕೇಳಿ ಬಂದೇನಿ, ಈ ಬ್ಯಾಸಗಿಗೆ ಮಧ್ಯಾಹ್ನ ಕರೆಂಟ್ ಹೋಗೂದೈತಿ, ಮುಂಜಾನಿ ಇರತೈತಿ. ಹುಕ್ಕೇರಿ ಕಡೆ ಹೋದಾಗ ಡ್ಯಾಮಿನವರನ್ನೂ ಕೇಳೇನಿ, ಹೊಳಿಗೆ ನೀರು ಬಿಡೂದು ತಡ ಐತಿ. ಇಷ್ಟು ನನಗ ಗೊತ್ತಿದ್ದಿದ್ದು." ಆಮೇಲೆ ಸ್ವಲ್ಪ ತಡೆದು ಹೇಳಿದರು. "ನಮ್ಮಪ್ಪ ಹಿಸೆ ಮಾಡೂ ಮುಂದ, ಯಾವ ಹೊಲದಾಗ ಸವಳ ಐತಿ, ಯಾವ ಬಾವಿ ಬ್ಯಾಸಗ್ಯಾಗ ಬತ್ತತೈತಿ ಅಂತ ಮೊದಲ ಹೇಳಿ ಆಮ್ಯಾಲ ತಮ್ಮಗೋಳಿಗೆ ಆರ್ಸ್ರಿ ಅಂದಿದ್ದ. ಪದ್ಧತಿಯೊಳಗ ಆ ಅರ್ಧಾ ನಾ ನಿಮಗ ಹೇಳಾಕ ಮರತಿದ್ದೆ. ಹೋದ ವರ್ಷ ನಮ್ಮೂರಿಗೆ ಬಂದ ತ್ರಾಸು, ಅದು ನಂದ ತಪ್ಪು."

ನಂತರ ಎಲ್ಲರನ್ನೂ ಒಂದೇ ಸಮ ನೋಡುತ್ತ, "ಇನ್ನ ಯಾರಿಗರೆ ಏನರೆ ಗೊತ್ತೈತೇನ್ರಿ?" ಎಂದು ಕೇಳಿದರು.

ನನಗೆ ಗೊತ್ತಿತ್ತು. ನನ್ನ ತಪ್ಪನ್ನು ಅವರು ತಮ್ಮದೆಂದು ಎಲ್ಲರೆದುರು ಹೊತ್ತುಕೊಂಡು ನಿಂತಿದ್ದರು. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದು ಬರುವುದು ಸಾಧ್ಯವಿರಲಿಲ್ಲ. ನಾನು ಪೌಡರಿನ ಚೀಲಗಳ ಕಡೆ ನೋಡುತ್ತ ಕುಳಿತೆ. ಯಾರೂ ಮಾತಾಡಲಿಲ್ಲ. ಆಗ ನಮ್ಮೂರಿನ ಸರದಿ ಬಂತು. ನಾನು ಮುಂಜಾವಿನ ಪಾಳಿ ಎಂದೆ.

ಆ ಪ್ರಶ್ನೆ ಅಂದಿನಿಂದ ಸಭೆಯ ಪದ್ಧತಿಯಾಯಿತು. ಪಾಳಿ ಹಾಕಿದವರು ತಮಗೆ ಗೊತ್ತಿದ್ದದ್ದನ್ನೆಲ್ಲ ಹೇಳಬೇಕು, ಆಮೇಲೆ ಎಲ್ಲರನ್ನೂ ಕೇಳಬೇಕು, ಆಮೇಲೆ ಆರಿಸಬೇಕು. ಅಕ್ಕಾರ ಅವಧಿ ಮುಗಿಯಿತು. ಮೀಸಲು ಬದಲಾಯಿತು, ಅವರು ಮತ್ತೆ ನಿಲ್ಲಲಿಲ್ಲ. ಮೂಡಲಗಿ ಬೇರೆ ತಾಲ್ಲೂಕಾದಾಗ ಐದು ಊರುಗಳು ಎರಡು ತಾಲ್ಲೂಕಿಗೆ ಹಂಚಿಹೋದವು. ಇನ್ನು ಈ ಯೋಜನೆ ಒಡೆಯುತ್ತದೆ ಎಂದು ಬಹಳ ಜನ ಅಂದರು. ಒಡೆಯಲಿಲ್ಲ. ತಾಲ್ಲೂಕು ಯಾವುದಾದರೇನು, ಪಾಳಿ ಆರಿಸುವ ಪದ್ಧತಿ ಇತ್ತಲ್ಲ. ಮೋಟಾರಿಗೆ ಬೇರೆ ಲೈನು ಬಂತು, ಮನೆಮನೆಗೆ ನಳ ಬಂದವು. ಪದ್ಧತಿ ಹಾಗೆಯೇ ನಡೆಯಿತು.

ಆದರೆ ಆ ಪ್ರಶ್ನೆಗೆ ಉತ್ತರ ಬರುವುದು ಮಾತ್ರ ನಿಂತುಹೋಯಿತು. ಹೊಸ ಅಧ್ಯಕ್ಷರು ಅದನ್ನು ಬಾಯಿಪಾಠದಂತೆ ಕೇಳಿ, ಯಾರೂ ಉಸಿರೆತ್ತದಿದ್ದುದನ್ನು ನೋಡಿ, ಮುಂದೆ ಹೋಗುತ್ತಿದ್ದರು. ಮೊದಲ ಸಲ ಆ ಪ್ರಶ್ನೆ ಬಂದಾಗ ಸುಮ್ಮನೆ ಕೂತವನು ನಾನು. ಆ ಸುಮ್ಮನಿರುವುದನ್ನು ಕಲಿಸಿಕೊಟ್ಟವನೂ ನಾನೇ.

ಬಹಳ ವರ್ಷಗಳ ಮೇಲೆ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕಾರು ಸಿಕ್ಕರು. ತವರಿನಲ್ಲಿ ಮದುವೆಗೆಂದು ಹುಕ್ಕೇರಿಯ ಬಸ್ಸು ಕಾಯುತ್ತಿದ್ದರು. ಮೊಣಕಾಲು ನೋವಿನ ಮಾತು, ಮೊಮ್ಮಕ್ಕಳ ಮಾತು ಆಯಿತು. ಇವತ್ತು ಹೇಳಿಯೇ ಬಿಡಬೇಕೆಂದು, "ಅಕ್ಕಾರ, ಆ ವರ್ಷದ ಪಾಳಿ..." ಎಂದು ಸುರುಮಾಡಿದೆ.

"ಆ ವರ್ಷ ಅಲ್ರಿ? ನೀವು ನಿಮ್ಮ ಪಾಳ್ಯಾಗಿಂದ ನೀರು ಕೊಟ್ಟಿದ್ದನ್ನ ನಮ್ಮೂರ ಹೆಣ್ಮಕ್ಕಳು ಇನ್ನಾ ನೆನಸ್ತಾರ್ರಿ ಅಣ್ಣಾರ" ಎಂದರು.

ನಾನು ಮಾತು ಬಿಟ್ಟು ಅವರ ಚೀಲವನ್ನು ಎತ್ತಿಕೊಂಡೆ. ಬಸ್ಸು ಬಂತು. ಅವರಿಗೆ ಗೊತ್ತಿತ್ತೋ, ಗೊತ್ತಿದ್ದೂ ನನಗೊಂದು ದಾರಿ ಬಿಟ್ಟುಕೊಟ್ಟರೋ, ಅಥವಾ ನಿಜವಾಗಿಯೂ ಗೊತ್ತಿರಲಿಲ್ಲವೋ... ಇಂದಿಗೂ ನನಗೆ ತಿಳಿಯದು.

ಹೋದ ದೀಪಾವಳಿಯ ನಂತರ ಅಕ್ಕಾರು ತೀರಿಕೊಂಡರು. ಸುದ್ದಿ ತಿಳಿದು ನಾನು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣಾಗಿ ಎಲ್ಲರೂ ತಿರುಗಿ ಬಂದಿದ್ದರು. ಕಟ್ಟೆಯ ಮೇಲೆ ಅವರ ಯಜಮಾನರು ಒಬ್ಬರೇ ಕುಳಿತಿದ್ದರು. ನನ್ನನ್ನು ನೋಡಿ, "ಬರ್ರಿ. ಇನ್ನ ನಾ ಯಾರನ್ನ ಸಭಾಕ್ಕ ಕರಕೊಂಡು ಬರ್ಲಿ?" ಎಂದರು. ಅವರ ಪಕ್ಕದಲ್ಲಿ ಬಹಳ ಹೊತ್ತು ಕುಳಿತು ಬಂದೆ.

ನಳದ ನೀರು ನಾತ ಹೊಡೆದ ಆ ವಾರವೇ ನಮ್ಮೂರಿನ ಅಧ್ಯಕ್ಷ ಹುಡುಗ ಬಂದು, ಹಳೆಯವರೆಂದು ನೀವೂ ಈ ಸಲದ ಸಭೆಗೆ ಬನ್ನಿ ಎಂದು ಕರೆದ. ಹೋದೆ. ಈಗ ಅಲ್ಲಿ ಪ್ಲಾಸ್ಟಿಕ್ ಕುರ್ಚಿಗಳಿವೆ, ಪೌಡರಿನ ಚೀಲಗಳು ಬೇರೆ ಕೋಣೆಗೆ ಹೋಗಿವೆ. ಈ ವರ್ಷ ಪಾಳಿ ಹಾಕಿದ್ದು ಕೆಳಗಿನೂರು. ಅಲ್ಲಿಯ ಅಧ್ಯಕ್ಷೆ ಸಣ್ಣ ವಯಸ್ಸಿನ ಹೆಣ್ಣುಮಗಳು. ಮಧ್ಯಾಹ್ನದ ಪಾಳಿಯಲ್ಲಿ ಹಳೆಯ ಮೋಟಾರು ಓಡುತ್ತದೆ, ನೀರು ಕಡಿಮೆ ಬೀಳುತ್ತದೆ ಎಂದು ಹೇಳಿ ಮುಗಿಸಿ, ಫೋನು ನೋಡುತ್ತಲೇ ಕೇಳಿದಳು, "ಇನ್ನ ಯಾರಿಗರೆ ಏನರೆ ಗೊತ್ತೈತೇನ್ರಿ?"

"ನನಗೊಂದು ಗೊತ್ತೈತಿ" ಎಂದು ನಾನು ಎದ್ದು ನಿಂತೆ.

ಗೋಕಾಕದ ಚಹಾದಿಂದ ಸುರುಮಾಡಿ ಎಲ್ಲವನ್ನೂ ಹೇಳಿದೆ. ನಡುವೆ ನಮ್ಮೂರಿನ ಹುಡುಗ ನನ್ನ ಧೋತರದ ಚುಂಗು ಜಗ್ಗಿ, "ಕುಂದರ್ರಿ ಅಜ್ಜಾರ, ಯಾಕ ಊರ ಮಾನ ಕಳೀತೀರಿ?" ಎಂದ. ನಾನು ಕೂಡಲಿಲ್ಲ. ಕೈಮುಗಿಸಿಕೊಂಡದ್ದನ್ನೂ, ಅಕ್ಕಾರು ತಪ್ಪು ತಮ್ಮದೆಂದಾಗ ಬಾಯಿಮುಚ್ಚಿ ಕುಳಿತದ್ದನ್ನೂ ಹೇಳಿಯೇ ಮುಗಿಸಿದೆ.

ಆ ಹೆಣ್ಣುಮಗಳು ಫೋನನ್ನು ಮಗುಚಿ ಇಟ್ಟಿದ್ದಳು. "ಆ ವರ್ಷ ನಮ್ಮವ್ವ ಆ ಬಂಡ್ಯಾಗ ಹೋಗ್ತಿದ್ಲ್ರಿ" ಎಂದಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ, ಹೋಗಲಿ ಬಿಡ್ರಿ ಎಂದೂ ಅನ್ನಲಿಲ್ಲ. ಸುತ್ತ ಕುಳಿತವರನ್ನು ಒಬ್ಬೊಬ್ಬರನ್ನಾಗಿ ನೋಡಿ, ಈ ಸಲ ನಿಧಾನವಾಗಿ, ಮತ್ತೊಮ್ಮೆ ಕೇಳಿದಳು. "ಇನ್ನ ಯಾರಿಗರೆ ಏನರೆ ಗೊತ್ತೈತೇನ್ರಿ?"

ಆಮೇಲೆ ನಡುವಿನ ಊರಿನ ಅಧ್ಯಕ್ಷನೊಬ್ಬ ಗಂಟಲು ಸರಿಪಡಿಸಿಕೊಂಡು, "ನಮ್ಮೂರಾಗ... ದೊಡ್ಡ ಪೈಪಿಗೆ ಕದ್ದು ಹಾಕಿದ ನಳ ಎರಡ ಅದಾವ್ರಿ. ಒಂದು ನಮ್ಮ ಮಾವಂದ ಐತಿ" ಎಂದ. ಯಾರೋ ಕಿಸಕ್ಕನೆ ನಕ್ಕರು. ಅವನ ಪಕ್ಕದವನು, "ಹಂಗಾದ್ರ ನಂದೂ ಒಂದ ಕೇಳ್ರಿ" ಎಂದು ಕುರ್ಚಿಯನ್ನು ಮುಂದೆ ಎಳೆದುಕೊಂಡ.

ನಾನು ಕುಳಿತೆ. ಕೆಳಗಿನೂರಿನವರು ಕುಳಿತ ಕಡೆ ನೋಡಿದೆ. ಈ ಮಾತುಗಳನ್ನು ಕೇಳಬೇಕಾಗಿದ್ದವರು ಅಲ್ಲಿರಲಿಲ್ಲ...